ಸಣ್ಣ ಡೇರಿಗೆ ಯಾವ ಇಟಿಪಿ? ಕೊಳ್ಳುವ ಮುನ್ನ ಒಂದು ಹೋಲಿಕೆ

ದಿನಕ್ಕೆ ಐದಾರು ಸಾವಿರ ಲೀಟರ್ ಹಾಲು ಪ್ಯಾಕ್ ಮಾಡಿ, ಜೊತೆಗೆ ಒಂದಿಷ್ಟು ಮೊಸರು, ಪನೀರ್, ತುಪ್ಪ ಮಾಡುವ ಖಾಸಗಿ ಘಟಕಗಳು ಬೆಂಗಳೂರಿನ ಸುತ್ತಮುತ್ತಲಿಂದ ಹಿಡಿದು ಬೆಳಗಾವಿವರೆಗೆ ಹಲವು ಕಡೆ ತಲೆಯೆತ್ತಿವೆ. ಪಾಶ್ಚರೈಸರ್ ಕೊಳ್ಳುವಾಗ ಇವುಗಳ ಮಾಲೀಕರು ನಾಲ್ಕು ಊರು ಸುತ್ತಿ, ಓಡುತ್ತಿರುವ ಯಂತ್ರವನ್ನು ಕಣ್ಣಾರೆ ನೋಡಿ, ಚೌಕಾಸಿ ಮಾಡಿ ಬರುತ್ತಾರೆ. ಇಟಿಪಿ, ಅಂದರೆ ಕೊಳೆನೀರು ಶುದ್ಧ ಮಾಡುವ ಪ್ಲಾಂಟ್, ಅಂದಾಗ ಮಾತ್ರ ಮಾತಿನ ಧಾಟಿ ಬೇರೆ: "ಮಾಲಿನ್ಯ ಮಂಡಳಿಯವರು ಕೇಳ್ತಾರಲ್ಲ, ಕಡಿಮೆ ರೇಟಿಂದು ಯಾವ್ದಾದ್ರೂ ಹಾಕ್ಬಿಡಿ." ಹಾಗೆ ಹಾಕಿಸಿಕೊಂಡ ಘಟಕದ ಹಿಂಗೋಡೆಯ ಪಕ್ಕ ನಿಂತರೆ ಹುಳಿ ಹಿಡಿದ ಬೆಣ್ಣೆಯ ವಾಸನೆ ಮೂಗಿಗೆ ಬಡಿಯುತ್ತದೆ.

ಈ ಬರಹ ಅಂಥ ಸಣ್ಣ ಘಟಕದವರಿಗೆ. 2024ರಲ್ಲಿ ದಿನದ ಹಾಲು ಸಂಗ್ರಹ ಒಂದು ಕೋಟಿ ಲೀಟರ್ ದಾಟಿಸಿದ ಕೆಎಂಎಫ್‌ನಂಥವರ ಬಳಿ ಎಂಜಿನಿಯರುಗಳಿದ್ದಾರೆ, ಲ್ಯಾಬ್ ಇದೆ, ಪಾಳಿಯ ಮೇಲೆ ಆಪರೇಟರುಗಳಿದ್ದಾರೆ. ನಿಮ್ಮಲ್ಲಿ ಬಾಯ್ಲರ್ ನೋಡಿಕೊಳ್ಳುವ ಹುಡುಗನೇ ಇಟಿಪಿಯನ್ನೂ ನೋಡಿಕೊಳ್ಳಬೇಕು. ಆ ಹುಡುಗನ ಕೈಗೆ ಬಗ್ಗುವಂಥದ್ದು ಯಾವುದು, ಅವನಿಗೆ ತಲೆನೋವಾಗುವಂಥದ್ದು ಯಾವುದು ಎನ್ನುವುದೇ ನನ್ನ ಹೋಲಿಕೆಯ ಮುಖ್ಯ ಅಳತೆಗೋಲು.

ಗಟಾರಕ್ಕೆ ಹೋಗುವುದರ ಲೆಕ್ಕ

ಯಂತ್ರದ ಹೆಸರು ಎತ್ತುವ ಮೊದಲು ಒಂದು ಲೆಕ್ಕ ಹಾಕೋಣ. ನೀರಿನಲ್ಲಿರುವ ಸಾವಯವ ಕೊಳೆಯನ್ನು ತಿಂದು ಮುಗಿಸಲು ಸೂಕ್ಷ್ಮಾಣುಗಳಿಗೆ ಎಷ್ಟು ಆಮ್ಲಜನಕ ಬೇಕೋ ಅದೇ ಬಿಒಡಿ. ಹಾಲಿನ ಬಿಒಡಿ ಲೀಟರಿಗೆ ಸುಮಾರು 1,00,000 ಮಿಲಿಗ್ರಾಂ, ಅಂದರೆ 100 ಗ್ರಾಂ. ಪನೀರ್ ಮಾಡಿ ಉಳಿದ ನೀರಿನದು 30,000ದಿಂದ 50,000 ಮಿಲಿಗ್ರಾಂ. ಡೇರಿಯ ತೊಳೆದ ನೀರಿನದು ಸಾಮಾನ್ಯವಾಗಿ ಒಂದರಿಂದ ಎರಡೂವರೆ ಸಾವಿರ.

5,000 ಲೀಟರ್ ಹಾಲಿನ ಘಟಕವೊಂದು ದಿನಕ್ಕೆ 12,000 ಲೀಟರ್ ತೊಳೆದ ನೀರು ಬಿಡುತ್ತದೆ, ಅದರ ಬಿಒಡಿ 1,500 ಎಂದಿಟ್ಟುಕೊಳ್ಳಿ. ದಿನದ ಹೊರೆ 18 ಕೆಜಿ. ಅದೇ ಘಟಕ 600 ಲೀಟರ್ ಹಾಲಿನಿಂದ ಪನೀರ್ ಮಾಡಿ, ಉಳಿದ 500 ಲೀಟರ್ ಹಾಲೊಡೆದ ನೀರನ್ನೂ ಗಟಾರಕ್ಕೇ ಬಿಟ್ಟರೆ? ಲೀಟರಿಗೆ 40 ಗ್ರಾಂನಂತೆ ಇನ್ನೂ 20 ಕೆಜಿ. ನೀರು ಹೆಚ್ಚಾದದ್ದು ಶೇ 4ರಷ್ಟು, ಹೊರೆ ಎರಡು ಪಟ್ಟಿಗೂ ಮೀರಿತು. ಒಬ್ಬ ಮನುಷ್ಯನಿಂದ ದಿನಕ್ಕೆ 50 ಗ್ರಾಂ ಬಿಒಡಿ ಎಂದು ಹಿಡಿದರೂ ಆ 500 ಲೀಟರ್ ನಾನೂರು ಜನರ ಊರೊಂದರ ಚರಂಡಿಗೆ ಸಮ.

ಹಾಗಾಗಿ ಮೊದಲ ಆಯ್ಕೆ ಇಟಿಪಿಯದ್ದಲ್ಲ, ಪನೀರ್ ನೀರಿನದ್ದು. ಅದನ್ನು ಪುಡಿ ಮಾಡಿ ಮಾರುವ ಮಾತು ಸಣ್ಣವರಿಗೆ ಹೇಳಿದ್ದಲ್ಲ, ಅದಕ್ಕೆ ಬೇಕಾದ ಯಂತ್ರ ಓಡಿಸಲು ದಿನಕ್ಕೆ ಹತ್ತಾರು ಸಾವಿರ ಲೀಟರ್ ಬೇಕು. ಅದರಲ್ಲಿ ಒಂದಿಷ್ಟನ್ನು ಎತ್ತಿಟ್ಟು ಹುಳಿಯಾಗಲು ಬಿಟ್ಟು, ಮಾರನೆಯ ದಿನ ಹಾಲು ಒಡೆಸಲು ಸಿಟ್ರಿಕ್ ಆಮ್ಲದ ಬದಲು ಬಳಸಬಹುದು. ಹಾಲೊಡೆಸುವವರಿಗೆ ಇದು ಹಳೆಯ ವಿದ್ಯೆಯೇ. ಬಿಸಿ ಆರಿದ ತಾಜಾ ನೀರನ್ನು ಹಂದಿ ಸಾಕಣೆಯವರು ಒಯ್ಯುತ್ತಾರೆ, ದನಗಳಿಗೂ ಕ್ರಮೇಣ ರೂಢಿ ಮಾಡಿಸಿ ಮಿತವಾಗಿ ಕೊಡಬಹುದು. ಆದರೆ ಮಧ್ಯಾಹ್ನದ ಬಿಸಿಲಲ್ಲಿ ಡ್ರಮ್ಮಿನಲ್ಲಿ ಬಿಟ್ಟರೆ ಸಂಜೆಗೆ ಯಾವ ಪ್ರಾಣಿಗೂ ಆಗದು. ನಾಲ್ಕನೆಯ ದಾರಿ, ಹತ್ತಿರದ ರೈತರ ಸಗಣಿ ಗ್ಯಾಸ್ ಗುಂಡಿ. ಸಗಣಿಯ ಜೊತೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿದರೆ ಗ್ಯಾಸ್ ಹೆಚ್ಚುತ್ತದೆ, ಒಂದೇ ಸಲ ಸುರಿದರೆ ಗುಂಡಿಯೇ ಹುಳಿಯಾಗಿ ಮಲಗುತ್ತದೆ.

ಎರಡನೆಯದು ಹಾಲಿನ ಸೋರಿಕೆ. 5,000 ಲೀಟರಿನಲ್ಲಿ ಶೇ 1 ಹಾಳಾದರೆ 50 ಲೀಟರ್, ಅದರಿಂದ 5 ಕೆಜಿ ಬಿಒಡಿ. ಕ್ಯಾನು ಬೋರಲು ಹಾಕಿ ಅರ್ಧ ನಿಮಿಷ ಬಸಿಯಲು ಬಿಡುವುದು, ಟ್ಯಾಂಕಿನ ಮೊದಲ ತೊಳೆನೀರನ್ನು ಬೇರೆ ಡ್ರಮ್ಮಿಗೆ ಹಿಡಿಯುವುದು, ಚೆಲ್ಲಿದ ಮೊಸರನ್ನು ಪೈಪಿನಿಂದ ಹೊಡೆದು ಓಡಿಸುವ ಬದಲು ಮೊದಲು ಸಲಿಕೆಯಲ್ಲಿ ಬಾಚುವುದು, ಪೈಪಿನ ತುದಿಗೆ ಒತ್ತಿದರೆ ಮಾತ್ರ ನೀರು ಬಿಡುವ ಗನ್ ಹಾಕಿಸುವುದು. ಇಷ್ಟಕ್ಕೆ ಕೆಲವು ಸಾವಿರ ರೂಪಾಯಿ ಸಾಕು. ತುಪ್ಪದ ಗಸಿಯನ್ನಂತೂ ಒಂದು ಚಮಚೆಯೂ ಮೋರಿಗೆ ಬಿಡಬೇಡಿ. ಇವನ್ನೆಲ್ಲ ಮಾಡಿದ ಮೇಲೆ, ಒಂದು ವಾರ ಮೀಟರ್ ಇಟ್ಟು ನೀರು ಅಳೆದು, ಇಡೀ ದಿನದ ಮಿಶ್ರ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿ. ಆ ಅಂಕಿ ಕೈಯಲ್ಲಿ ಇಲ್ಲದೆ ಕೊಟೇಶನ್ ಕರೆಯುವುದು ದುಡ್ಡು ದಂಡ.

ಕಾನೂನು ಕೇಳುವುದೇನು

ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಡೇರಿಗೆಂದೇ ಮಾನದಂಡವಿದೆ: ಹೊರಬಿಡುವ ನೀರಿನ ಬಿಒಡಿ ಲೀಟರಿಗೆ 100 ಮಿಲಿಗ್ರಾಂ, ತೇಲುವ ಘನಕಣ 150, ಎಣ್ಣೆ ಜಿಡ್ಡು 10. ಒಂದು ಸಾವಿರ ಲೀಟರ್ ಹಾಲಿಗೆ 3,000 ಲೀಟರಿಗಿಂತ ಹೆಚ್ಚು ಕೊಳೆನೀರು ಬರಬಾರದು. ನೀರು ಹೋಗಿ ಸೇರುವ ಹಳ್ಳ ಅಥವಾ ಕೆರೆ ಕುಡಿಯುವ ನೀರಿನ ಮೂಲವಾಗಿದ್ದರೆ ಬಿಒಡಿ ಮಿತಿಯನ್ನು 30ಕ್ಕೆ ಇಳಿಸಬಹುದು. ಬರೀ ಹಾಲು ತಂಪು ಮಾಡುವ ಶೀತಲೀಕರಣ ಕೇಂದ್ರಗಳಿಗೆ ಒಂದು ಸಡಿಲಿಕೆಯಿದೆ. ನೀರನ್ನು ಸರಿಯಾಗಿ ಸಿದ್ಧಪಡಿಸಿದ ಜಮೀನಿಗೆ ಹಾಯಿಸುವುದಾದರೆ ಬಿಒಡಿ 350ರವರೆಗೆ ಇರಬಹುದು. ಆದರೆ ಆ ಜಮೀನನ್ನು ಶುದ್ಧೀಕರಣದ ಒಂದು ಹಂತದಂತೆಯೇ ನೋಡಿಕೊಳ್ಳಬೇಕು.

ಇದು ಪುಸ್ತಕದ ಮಾತು. ನಿಮಗೆ ಅನ್ವಯಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಸಮ್ಮತಿ ಪತ್ರದಲ್ಲಿ ಬರೆದಿರುವ ಅಂಕಿ. 100 ಸಾಕೆಂದು ಪ್ಲಾಂಟ್ ಕಟ್ಟಿಸಿ, ಆಮೇಲೆ ಪತ್ರದಲ್ಲಿ 30 ಎಂದು ಬಂದರೆ ಇನ್ನೊಂದು ಹಂತ ಜೋಡಿಸಲು ಜಾಗವೇ ಇರುವುದಿಲ್ಲ. ಕಟ್ಟುವ ಮೊದಲಿನ ಸಮ್ಮತಿ ಕೈಗೆ ಬಂದ ಮೇಲೆಯೇ ಟೆಂಡರ್ ಮಾತಾಡಿ.

ಜಿಡ್ಡು ಮತ್ತು ಸಮತೋಲನ ತೊಟ್ಟಿ

ಜಿಡ್ಡು ತೆಗೆಯಲು ಎರಡು ದಾರಿ. ಅಡ್ಡಗೋಡೆಗಳ ಜಿಡ್ಡಿನ ತೊಟ್ಟಿ, ಇಲ್ಲವೇ ಸಣ್ಣ ಗಾಳಿಗುಳ್ಳೆಗಳಿಂದ ಜಿಡ್ಡನ್ನು ಮೇಲಕ್ಕೆ ತೇಲಿಸುವ ಡಿಎಎಫ್. ಹಾಲು, ಮೊಸರು ಮಾತ್ರ ಮಾಡುವವರಿಗೆ ತೊಟ್ಟಿ ಸಾಕು. ನೀರು ಅದರಲ್ಲಿ ಮುಕ್ಕಾಲು ಗಂಟೆಯಾದರೂ ನಿಲ್ಲಬೇಕು, ತಣ್ಣಗಿರಬೇಕು. ಬಿಸಿನೀರಿನಲ್ಲಿ ಕರಗಿದ ಜಿಡ್ಡು ಯಾವ ಗೋಡೆಗೂ ಸಿಗದೆ ಮುಂದೆ ಹೋಗಿ, ಮುಂದಿನ ತೊಟ್ಟಿಯಲ್ಲಿ ಆರಾಮಾಗಿ ಗಟ್ಟಿಯಾಗುತ್ತದೆ. ಬೆಣ್ಣೆ, ತುಪ್ಪ ಹೆಚ್ಚಿರುವವರಿಗೆ ಡಿಎಎಫ್ ಯೋಚಿಸಬಹುದು. ಅದಕ್ಕೆ ರಾಸಾಯನಿಕ ಬೇಕು, ಕಂಪ್ರೆಸರ್ ಬೇಕು. ಮೇಲಾಗಿ ಅದು ಕಕ್ಕುವ ಕೆನೆಯಂಥ ಕೆಸರು ಒಂದೇ ದಿನದಲ್ಲಿ ನಾರುತ್ತದೆ, ಅದನ್ನು ಎಲ್ಲಿಗೆ ಸಾಗಿಸುವುದು ಎಂಬ ಪ್ರಶ್ನೆಗೆ ಮಾರುವವರು ಉತ್ತರ ಕೊಡುವುದು ಕಡಿಮೆ.

ಬೇರೆ ಬೇರೆ ಹೊತ್ತಿಗೆ ಬರುವ ನೀರನ್ನು ಕೂಡಿಸಿ ಹದಮಾಡುವ ಸಮತೋಲನ ತೊಟ್ಟಿಯಲ್ಲಿ ಆಯ್ಕೆಯೇ ಇಲ್ಲ, ಎಲ್ಲರಿಗೂ ಬೇಕು. ಸಿಐಪಿಯಲ್ಲಿ, ಅಂದರೆ ಪೈಪು, ಟ್ಯಾಂಕುಗಳನ್ನು ಬಿಚ್ಚದೆಯೇ ಒಳಗೆ ತೊಳೆಯುವಾಗ, ಶೇ 1ರಿಂದ 1.5ರ ಕಾಸ್ಟಿಕ್ ಸೋಡಾ, ಆಮೇಲೆ ನೈಟ್ರಿಕ್ ಆಮ್ಲ ಹೋಗುತ್ತದಲ್ಲ. ಒಂದು ಗಂಟೆ ಪಿಎಚ್ 12ರ ಕಡುಕ್ಷಾರ, ಇನ್ನೊಂದು ಗಂಟೆ 2ರ ಕಡುಹುಳಿ. ಎರಡೂ ಒಂದೇ ತೊಟ್ಟಿಯಲ್ಲಿ ಕೂಡಿದರೆ ಒಂದನ್ನೊಂದು ಬಹುಮಟ್ಟಿಗೆ ತಾವೇ ತಣಿಸಿಕೊಳ್ಳುತ್ತವೆ. ಕೊಟೇಶನ್ನಿನಲ್ಲಿ ಬೆಲೆ ಇಳಿಸಲು ಮೊದಲು ಕತ್ತರಿ ಬೀಳುವುದು ಈ ತೊಟ್ಟಿಯ ಗಾತ್ರಕ್ಕೇ. ಒಪ್ಪಬೇಡಿ. ಅರ್ಧ ದಿನದ್ದಾದರೂ ನೀರು ಹಿಡಿಯಬೇಕು, ತಳದಲ್ಲಿ ಗಾಳಿ ಆಡುತ್ತಿರಬೇಕು. ಗಾಳಿಯಿಲ್ಲದೆ ನಿಂತ ಹಾಲಿನ ನೀರಿನಲ್ಲಿ ಲ್ಯಾಕ್ಟೋಸ್ ಹುಳಿಯಾಗಿ, ಪಿಎಚ್ ಐದಕ್ಕಿಂತ ಕೆಳಗಿಳಿದು, ಪ್ರೋಟೀನು ಮೊಸರಿನಂತೆ ಹೆಪ್ಪುಗಟ್ಟುತ್ತದೆ. ಹಿಂಗೋಡೆಯ ವಾಸನೆ ಹುಟ್ಟುವುದು ಸಾಮಾನ್ಯವಾಗಿ ಇಲ್ಲೇ.

ಗಾಳಿಯ ಮೂರು ವಿಧಾನ

ಸಣ್ಣ ಡೇರಿಗಳಿಗೆ ಮಾರಲು ಬರುವ ಪ್ಲಾಂಟುಗಳಲ್ಲಿ ಹೆಚ್ಚಿನವು ಗಾಳಿ ಊದಿ ಸೂಕ್ಷ್ಮಾಣು ಬೆಳೆಸುವಂಥವು: ನಿರಂತರ ಹರಿವಿನ ಏರೇಶನ್, ಎಸ್‌ಬಿಆರ್, ಎಂಬಿಬಿಆರ್. ಮೂರರಲ್ಲೂ ಕರೆಂಟಿನ ಲೆಕ್ಕ ಹೆಚ್ಚುಕಡಿಮೆ ಒಂದೇ: ಒಂದು ಕೆಜಿ ಬಿಒಡಿಗೆ ಸುಮಾರು ಒಂದು ಯೂನಿಟ್. ನಮ್ಮ ಉದಾಹರಣೆಯ 18 ಕೆಜಿಗೆ 20 ಯೂನಿಟ್ ಆಸುಪಾಸು, ಪನೀರ್ ನೀರೂ ಸೇರಿದರೆ 40. ಗಾಳಿ ಊದುವ ಮೂರು ಎಚ್‌ಪಿ ಬ್ಲೋವರ್ ಇಪ್ಪತ್ತು ಗಂಟೆ ಓಡಿದರೆ 44 ಯೂನಿಟ್ ಆಗುತ್ತದೆ, ಹೋಲಿಸಿ ನೋಡಿ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ಪನೀರ್ ನೀರಿನದೇ ದಿನಕ್ಕೆ 160 ರೂಪಾಯಿ, ವರ್ಷಕ್ಕೆ 58,000.

ನಿರಂತರ ಹರಿವಿನದು ಹಳೆಯ ವಿಧಾನ. ಒಂದು ತೊಟ್ಟಿಯಲ್ಲಿ ಗಾಳಿ, ಪಕ್ಕದ ತೊಟ್ಟಿಯಲ್ಲಿ ಸೂಕ್ಷ್ಮಾಣುಗಳ ಕೆಸರು ತಂಗುವುದು, ತಂಗಿದ್ದನ್ನು ಪಂಪಿನಿಂದ ಮತ್ತೆ ಹಿಂದಕ್ಕೆ ತರುವುದು. ಹಗಲೂ ರಾತ್ರಿ ಒಂದೇ ಸಮ ನೀರು ಬರುವ ದೊಡ್ಡ ಘಟಕಕ್ಕೆ ಒಳ್ಳೆಯದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನುಗ್ಗಿ ಬರುವ ಸಣ್ಣ ಡೇರಿಯ ನೀರಿಗೆ ಇದರ ತಂಗುತೊಟ್ಟಿ ಸೋಲುತ್ತದೆ. ಇನ್ನೊಂದು ತೊಂದರೆಯೂ ಇದೆ. ಹಾಲಿನ ಸಕ್ಕರೆ ತಿಂದು ನೂಲಿನಂಥ ಸೂಕ್ಷ್ಮಾಣುಗಳು ಬೆಳೆದು, ಕೆಸರು ಉಬ್ಬಿ ತಂಗದೆ ಉಕ್ಕಿ ಹೊರಗೆ ಹೋಗುತ್ತದೆ.

ಎಸ್‌ಬಿಆರ್‌ನಲ್ಲಿ ಎಲ್ಲವೂ ಒಂದೇ ತೊಟ್ಟಿಯಲ್ಲಿ, ಸರದಿಯ ಮೇಲೆ: ತುಂಬು, ಗಾಳಿ ಊದು, ತಂಗಲು ಬಿಡು, ತಿಳಿ ಬಸಿ. ಒಂದೇ ಪಾಳಿಯ ಘಟಕಕ್ಕೆ ಇದು ಹೇಳಿ ಮಾಡಿಸಿದ್ದು. ಹಗಲು ನೀರು ತುಂಬಿಸಿಕೊಂಡು, ರಾತ್ರಿ ಗಾಳಿ ಊದಿ, ಬೆಳಗಿನ ಜಾವ ಬ್ಲೋವರ್ ನಿಲ್ಲಿಸಿ, ಆರು ಗಂಟೆಗೆ ಮೇಲಿನ ತಿಳಿ ಬಿಡಬಹುದು. ಹೊಟ್ಟೆತುಂಬ ಒಮ್ಮೆ, ಉಪವಾಸ ಒಮ್ಮೆ ಎಂಬ ಈ ಕ್ರಮದಲ್ಲಿ ಆ ನೂಲಿನ ಜಾತಿಗಿಂತ ಚೆನ್ನಾಗಿ ತಂಗುವ ಜಾತಿ ಮೇಲುಗೈ ಪಡೆಯುತ್ತದೆ. ತೊಂದರೆ ಟೈಮರು, ವಾಲ್ವುಗಳದ್ದು. ಎಲ್ಲವನ್ನೂ ತಾನೇ ಓಡಿಸುವ ಪಿಎಲ್‌ಸಿ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಹಾಕಿದ ಪ್ಲಾಂಟಿನಲ್ಲಿ ಒಂದು ಕಾರ್ಡು ಸುಟ್ಟರೆ ಮೆಕ್ಯಾನಿಕ್ ಬರುವವರೆಗೆ ಎಲ್ಲವೂ ಬಂದ್. ಆಟೋ ಇದ್ದರೂ ಎಲ್ಲ ವಾಲ್ವನ್ನೂ ಕೈಯಿಂದ ತಿರುಗಿಸುವಂತೆ ಇರಬೇಕೆಂದು ಮೊದಲೇ ಹೇಳಿ.

ಎಂಬಿಬಿಆರ್‌ನಲ್ಲಿ ಚಕ್ರದಂಥ ಸಣ್ಣ ಪ್ಲಾಸ್ಟಿಕ್ ತುಣುಕುಗಳ ಮೇಲೆ ಸೂಕ್ಷ್ಮಾಣುಗಳು ಪದರ ಕಟ್ಟುತ್ತವೆ. ನಾರ್ವೆಯಲ್ಲಿ ಹುಟ್ಟಿದ್ದು. ಜಾಗ ಕಡಿಮೆ ಸಾಕು, ಕೆಸರು ಹಿಂದಕ್ಕೆ ತರುವ ಗೋಜಿಲ್ಲ, ಒಂದು ದಿನ ಹೊರೆ ಹೆಚ್ಚಾದರೂ ಬೇಗ ಚೇತರಿಸಿಕೊಳ್ಳುತ್ತದೆ. ಇಂಡಸ್ಟ್ರಿಯಲ್ ಶೆಡ್ಡಿನ ಹಿಂದೆ ಹತ್ತಡಿ ಜಾಗವಷ್ಟೇ ಇದ್ದರೆ ಬೇರೆ ದಾರಿಯೂ ಕಾಣದು. ಆದರೆ ಜಿಡ್ಡಿನ ತೊಟ್ಟಿ ದಿನವೂ ಬಾಚದ ಕಡೆ ಆ ಚಕ್ರಗಳಿಗೆ ಬೆಣ್ಣೆ ಮೆತ್ತಿಕೊಂಡು ಒಂದಕ್ಕೊಂದು ಅಂಟುತ್ತವೆ. ಕಳಚಿ ಬೀಳುವ ಪದರದ ಚೂರುಗಳು ಸುಲಭವಾಗಿ ತಂಗುವುದಿಲ್ಲವಾದ್ದರಿಂದ ಚೂರುಗಳನ್ನು ಗಂಟುಕಟ್ಟಿಸಿ ತಂಗಿಸುವ ಆಲಂ ಅಥವಾ ಪಿಎಸಿ ಎಂಬ ರಾಸಾಯನಿಕ ಬಿಡಬೇಕಾಗುತ್ತದೆ. ಆ ಖರ್ಚು ಕರಪತ್ರದಲ್ಲಿ ಇರುವುದಿಲ್ಲ. ಮಿತಿ 30 ಇದ್ದರೆ ಒಂದೇ ಹಂತದ ಎಂಬಿಬಿಆರ್ ನಂಬಬೇಡಿ.

ಏರೇಶನ್, ಎಸ್‌ಬಿಆರ್ ಎರಡರಲ್ಲೂ ಹುಡುಗನಿಗೆ ಕಲಿಸಬೇಕಾದ ಪರೀಕ್ಷೆ ಒಂದೇ. ಗಾಳಿ ಆಡುತ್ತಿರುವಾಗ ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ನೀರು ಎತ್ತಿ, ಅಲ್ಲಾಡಿಸದೆ ಅರ್ಧ ಗಂಟೆ ಇಡಿ. ಕೆಸರು 300ರಿಂದ 400 ಮಿಲಿಗೆ ಇಳಿದು, ಮೇಲಿನ ನೀರು ತಿಳಿಯಾಗಿ, ಗೆರೆ ಕತ್ತರಿಸಿದಂತೆ ಕಂಡರೆ ಸರಿ. ಬಣ್ಣ ಕಾಫಿ ಡಿಕಾಕ್ಷನ್ನಿನ ಕಂದು, ವಾಸನೆ ಒದ್ದೆ ಮಣ್ಣಿನದು ಇರಬೇಕು. ಕಪ್ಪಾಗಿ ನಾತ ಬಂದರೆ ಗಾಳಿ ಸಾಲದು. ಅರ್ಧ ಗಂಟೆಯಾದರೂ 900ರಲ್ಲೇ ನಿಂತಿದ್ದರೆ ಒಂದೋ ಕೆಸರು ಉಬ್ಬಿದೆ, ಇಲ್ಲವೇ ವಿಪರೀತ ಹೆಚ್ಚಾಗಿದೆ. ಅದೇ ಕೆಸರಿಗೆ ಸಮಪಾಲು ತಿಳಿನೀರು ಬೆರೆಸಿ ಮತ್ತೊಮ್ಮೆ ಇಟ್ಟಾಗ ಸರ್ರನೆ ಇಳಿದರೆ ಕೆಸರು ಹೆಚ್ಚಾಗಿದೆ ಎಂದೇ ಅರ್ಥ, ಒಂದಿಷ್ಟು ಹೊರಗೆ ತೆಗೆಯಿರಿ. ಮೇಲಿನ ನೀರು ಬೆಳ್ಳಗೆ ಮಸುಕಾಗಿದ್ದರೆ ಇಟಿಪಿಯನ್ನು ಬಿಟ್ಟು ಡೇರಿಯೊಳಗೆ ಹೋಗಿ, ಎಲ್ಲೋ ಹಾಲು ಸೋರುತ್ತಿದೆ.

ಗ್ಯಾಸ್ ಬರುವ ದಾರಿ

ಗಾಳಿಯಿಲ್ಲದೆ ಕೊಳೆಸುವ ವಿಧಾನಕ್ಕೆ ಬ್ಲೋವರ್ ಬೇಡ, ಕೆಸರು ಬಹಳ ಕಡಿಮೆ, ಮೇಲೆ ಮೀಥೇನ್ ಸಿಗುತ್ತದೆ. ಕೊಳೆಯನ್ನು ರಾಸಾಯನಿಕದಿಂದ ಸುಟ್ಟು ಅಳೆಯುವ ಆಮ್ಲಜನಕದ ಲೆಕ್ಕವೇ ಸಿಒಡಿ; ತೆಗೆದ ಪ್ರತಿ ಕೆಜಿ ಸಿಒಡಿಗೆ 0.35 ಘನ ಮೀಟರ್ ಮೀಥೇನ್ ಎನ್ನುವುದು ಸಿದ್ಧಾಂತದ ಲೆಕ್ಕ. ನಮ್ಮ ಘಟಕದ 38 ಕೆಜಿ ಬಿಒಡಿ, ಅಂದರೆ ಅರವತ್ತು ಚಿಲ್ಲರೆ ಕೆಜಿ ಸಿಒಡಿ. ಅದರಲ್ಲಿ ಮುಕ್ಕಾಲು ಪಾಲು ಕರಗಿದರೆ ಒಂದು ಮನೆ ಸಿಲಿಂಡರಿಗೆ ಸ್ವಲ್ಪ ಕಡಿಮೆ ಇಂಧನ. ದಿನಾ. ಇದು ಕಾಗದದ ಮೇಲಿನದು, ಕೈಗೆ ಸಿಗುವುದು ಇನ್ನೂ ಕಡಿಮೆ. ಆದರೂ ಸೌದೆ ಬಾಯ್ಲರ್ ಇಟ್ಟುಕೊಂಡವರಿಗೆ ಆಸೆ ಹುಟ್ಟಿಸುವ ಲೆಕ್ಕ. ನಮ್ಮ ಬಯಲುಸೀಮೆಯ ಸೆಕೆಯೂ ಇದಕ್ಕೆ ಅನುಕೂಲವೇ.

ಹಾಗಾದರೆ ಎಲ್ಲರೂ ಇದನ್ನೇ ಯಾಕೆ ಹಾಕುವುದಿಲ್ಲ? 1970ರ ದಶಕದಲ್ಲಿ ನೆದರ್ಲ್ಯಾಂಡಿನಲ್ಲಿ ಸಂಶೋಧಕ ಲೆಟಿಂಗಾ ಮತ್ತು ಸಂಗಡಿಗರು ರೂಪಿಸಿದ, ಕೊಳೆನೀರನ್ನು ಕೆಸರಿನ ಹಾಸಿನ ಮೂಲಕ ಕೆಳಗಿನಿಂದ ಮೇಲೇರಿಸುವ ಯುಎಎಸ್‌ಬಿ ಸಕ್ಕರೆ ಕಾರ್ಖಾನೆಯ ನೀರಿಗೆ ಒಗ್ಗಿದಷ್ಟು ಸಲೀಸಾಗಿ ಹಾಲಿನ ನೀರಿಗೆ ಒಗ್ಗುವುದಿಲ್ಲ. ಜಿಡ್ಡು ಕೆಸರಿನ ಕಾಳುಗಳಿಗೆ ಮೆತ್ತಿ ಅವನ್ನು ತೇಲಿಸುತ್ತದೆ, ಜಿಡ್ಡಿನಿಂದ ಬರುವ ಉದ್ದ ಸರಪಳಿಯ ಆಮ್ಲಗಳು ಮೀಥೇನ್ ಮಾಡುವ ಸೂಕ್ಷ್ಮಾಣುಗಳನ್ನು ಮಂಕಾಗಿಸುತ್ತವೆ. ಪನೀರ್ ನೀರಿಗೆ ಕ್ಷಾರದ ಬಲ ಕಡಿಮೆ, ಸುಣ್ಣವನ್ನೋ ಸೋಡಾವನ್ನೋ ಕೊಡದಿದ್ದರೆ ಹುಳಿ ಹಿಡಿಯುತ್ತದೆ. ಸಗಣಿಯಿಂದ ಹೆಪ್ಪು ಹಾಕಿದ ಮೇಲೆ ಪೂರ್ತಿ ಹೊರೆ ತೆಗೆದುಕೊಳ್ಳಲು ಎರಡು ಮೂರು ತಿಂಗಳು ಬೇಕು. ಒಮ್ಮೆ ಸತ್ತರೆ ಮತ್ತೆ ಅಷ್ಟೇ ಕಾಲ. ಅದರಿಂದ ಹೊರಬಂದ ನೀರು 100ರ ಮಿತಿಗೂ ಬರುವುದಿಲ್ಲ, ಅದರ ನಂತರ ಇನ್ನೊಂದು ಗಾಳಿ ತೊಟ್ಟಿ ಇರಲೇಬೇಕು. ಹೀಗಾಗಿ ತೊಳೆನೀರಷ್ಟೇ ಇರುವ 5,000 ಲೀಟರಿನ ಘಟಕಕ್ಕೆ ಇದು ಹೊರಲಾರದ ಹೊರೆ. ಪನೀರ್, ಚೀಸ್ ಮುಖ್ಯ ಉತ್ಪನ್ನವಾಗಿರುವವರು ಅಥವಾ 30,000 ಲೀಟರ್ ದಾಟಿದವರು ಮಾತ್ರ ಗಂಭೀರವಾಗಿ ಯೋಚಿಸಿ. ಬೇಕಿದ್ದರೆ ಬರೀ ಪನೀರ್ ನೀರಿಗೆ, ಸಗಣಿ ಬೆರೆಸಿದ ಒಂದು ಬೇರೆ ಗುಂಡಿ ಇಡಿ. ಆ ನೀರಿಗೆ ಬೇರೆ ಗಿರಾಕಿ ಇಲ್ಲದ ಕಡೆ ನನಗೆ ಇದು ಅತ್ಯಂತ ಒಪ್ಪಿತ ಜೋಡಿ.

ತೋಟ ಮತ್ತು ಜೊಂಡಿನ ಹಾಸು

"ಎರಡೆಕರೆ ತೋಟ ಇದೆ, ಅಲ್ಲಿಗೆ ಬಿಡ್ತೀವಿ" ಎನ್ನುವವರೇ ಹೆಚ್ಚು. ಬಿಡಬಹುದು, ಶುದ್ಧ ಮಾಡಿದ ಮೇಲೆ, ಮಂಡಳಿಯ ಒಪ್ಪಿಗೆಯಿದ್ದರೆ. ಆದರೆ ಎಲ್ಲ ಮಣ್ಣೂ ಒಂದೇ ಅಲ್ಲ. ಕೋಲಾರ, ತುಮಕೂರಿನ ಕೆಂಪು ಮಣ್ಣು ನೀರು ಇಂಗಿಸಿಕೊಂಡು ಸುಧಾರಿಸುತ್ತದೆ. ವಿಜಯಪುರ, ಗದಗದ ಎರೆ ಭೂಮಿಗೆ ಕಾಸ್ಟಿಕ್‌ನ ಸೋಡಿಯಂ ವರ್ಷಗಟ್ಟಲೆ ಹೋದರೆ ಮಣ್ಣಿನ ಕಣ ಒಡೆದು, ಮೇಲೆ ಹೆಪ್ಪುಗಟ್ಟಿ, ನೀರೇ ಒಳಗಿಳಿಯದು. ಅಲ್ಲಿ ಸೋಡಿಯಂ ಪರೀಕ್ಷೆ ಮಾಡಿಸದೆ ಒಂದು ಹನಿಯೂ ಬಿಡಬೇಡಿ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಬಿಟ್ಟ ನೀರು ಬೇಗನೆ ಪಕ್ಕದ ಮನೆಯ ಬಾವಿ ಸೇರಬಹುದು, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಕುಡಿಯುವುದೇ ಇಲ್ಲ. ಬೆಳೆಯ ಮಟ್ಟಿಗೆ ನೇಪಿಯರ್ ಹುಲ್ಲು ಎಲ್ಲಕ್ಕಿಂತ ಮೇಲು. ಸಾರಜನಕ ಹೀರುತ್ತದೆ, ಕೊಯ್ದು ಹಾಲು ಹಾಕುವ ರೈತರಿಗೇ ಕೊಡಬಹುದು.

ಜಲ್ಲಿ ಹಾಸಿನಲ್ಲಿ ಜೊಂಡು, ಕಾಬಾಳೆ ಬೆಳೆಸಿ ಅದರೊಳಗೆ ನೀರು ಹರಿಸುವ ವಿಧಾನ ಸದ್ಯ ಎಲ್ಲರ ಬಾಯಲ್ಲಿದೆ. ಕರೆಂಟು ಬೇಡ, ನೋಡಲು ಚೆಂದ. ಜಾಗದ ಲೆಕ್ಕ ಹಾಕಿ ನೋಡಿ: ಚದರ ಮೀಟರಿಗೆ ದಿನಕ್ಕೆ ಹತ್ತು ಗ್ರಾಂ ಬಿಒಡಿ ಹಿಡಿದರೆ ಹಸಿ ನೀರಿನ 18 ಕೆಜಿಗೆ 1,800 ಚದರ ಮೀಟರ್, ಅಂದರೆ ಹದಿನೆಂಟು ಗುಂಟೆ. ಅದೂ ಜಿಡ್ಡು ಬಂದರೆ ಜಲ್ಲಿ ಕಟ್ಟಿಕೊಳ್ಳುತ್ತದೆ, ಮತ್ತೆ ಜಲ್ಲಿ ತೆಗೆದು ತೊಳೆಯುವುದು ಯಾರಿಗೂ ಬೇಡ. ಬೇರೆ ಹಂತದಲ್ಲಿ ಮುಕ್ಕಾಲು ಹೊರೆ ಇಳಿಸಿಕೊಂಡು ಬಂದ ನೀರಿಗಾದರೆ ನಾಲ್ಕೈದು ಗುಂಟೆ ಸಾಕು. ಕೊನೆಯ ಹಂತವಾಗಿ, ಅಥವಾ ಹಳ್ಳಿಯ ಶೀತಲೀಕರಣ ಕೇಂದ್ರದ ತೆಳು ನೀರಿಗೆ ಇದು ಒಳ್ಳೆಯದು.

ಆರ್‌ಒ, ಆವಿಯಾಗಿಸುವ ಯಂತ್ರ ಹಾಕಿ ಒಂದು ಹನಿಯೂ ಹೊರಬಿಡದ ವ್ಯವಸ್ಥೆ ಮಾಡಿಕೊಡುತ್ತೇವೆ ಎಂದು ಬರುವವರಿಗೆ ಒಂದು ಕಾಫಿ ಕುಡಿಸಿ ಕಳಿಸಿ. ಈ ಗಾತ್ರದ ಡೇರಿಗೆ ಅದು ಹೊಂದುವುದಿಲ್ಲ.

ಒಟ್ಟಿನಲ್ಲಿ ಯಾರಿಗೆ ಯಾವುದು

ಬರೀ ಶೀತಲೀಕರಣ ಕೇಂದ್ರವಾದರೆ ಜಿಡ್ಡಿನ ತೊಟ್ಟಿ, ಸೆಪ್ಟಿಕ್ ಟ್ಯಾಂಕಿನಂಥ ಒಂದು ಗುಂಡಿ, ಜೊಂಡಿನ ಹಾಸು, ಹುಲ್ಲುಗಾವಲು. ಎರಡರಿಂದ ಹತ್ತು ಸಾವಿರ ಲೀಟರಿನ ಪ್ಯಾಕಿಂಗ್ ಘಟಕವಾದರೆ ಪನೀರ್ ನೀರು ಬೇರೆ ಮಾಡಿ, ಗಾಳಿಯಾಡುವ ಸಮತೋಲನ ತೊಟ್ಟಿಯ ನಂತರ ಎಸ್‌ಬಿಆರ್. ಜಾಗವೇ ಇಲ್ಲದವರು ಎರಡು ಹಂತದ ಎಂಬಿಬಿಆರ್‌ಗೆ ಹೋಗಿ, ಜಿಡ್ಡಿನ ತೊಟ್ಟಿಯನ್ನು ದಿನ ತಪ್ಪದೆ ಬಾಚುವ ವ್ಯವಸ್ಥೆ ಮಾಡಿಕೊಳ್ಳಿ. ದಿನಕ್ಕೆ ನಾಲ್ಕೈದು ಗಂಟೆ ಕರೆಂಟ್ ಹೋಗುವ ಊರಾದರೆ ಬ್ಲೋವರ್ ಜನರೇಟರಿನ ಮೇಲೂ ಓಡಬೇಕು. ಡೀಪ್ ಫ್ರೀಜರಿಗೆ ಲೈನ್ ಕೊಟ್ಟು ಇಟಿಪಿಗೆ ಕೊಡದ ಘಟಕಗಳು ಬೇಕಾದಷ್ಟಿವೆ.

ಕೊಟೇಶನ್ನಿನಲ್ಲಿ "10 ಕೆಎಲ್‌ಡಿ ಇಟಿಪಿ" (ದಿನಕ್ಕೆ ಹತ್ತು ಸಾವಿರ ಲೀಟರ್ ನೀರಿನದು) ಎಂದಷ್ಟೇ ಇದ್ದರೆ ವಾಪಸ್ ಕಳಿಸಿ. ಒಳಬರುವ ಬಿಒಡಿ ಎಷ್ಟೆಂದು ಹಿಡಿದಿದ್ದಾರೆ, ದಿನಕ್ಕೆ ಎಷ್ಟು ಯೂನಿಟ್, ಎಷ್ಟು ಕೆಜಿ ರಾಸಾಯನಿಕ, ಎಷ್ಟು ಕೆಸರು, ಅದನ್ನು ಒಣಗಿಸುವ ಹಾಸು ಎಷ್ಟು ದೊಡ್ಡದು, ಮಳೆಗಾಲಕ್ಕೆ ಅದರ ಮೇಲೆ ಶೀಟ್ ಇದೆಯೇ ಎಂಬುದೆಲ್ಲ ಬರಹದಲ್ಲಿ ಬರಲಿ. ಬ್ಲೋವರ್ ಎರಡು ಇರಲಿ. ಹಣದ ಕೊನೆಯ ಕಂತನ್ನು ಪ್ಲಾಂಟ್ ಚಾಲೂ ಆದ ದಿನಕ್ಕೆ ಕಟ್ಟದೆ, ಮೂರು ತಿಂಗಳು ಸತತವಾಗಿ ಲ್ಯಾಬ್ ರಿಪೋರ್ಟ್ ಮಿತಿಯೊಳಗೆ ಬಂದ ಮೇಲೆ ಕೊಡುವ ಷರತ್ತು ಹಾಕಿ. ಮದುವೆ ಸೀಸನ್ನಿನಲ್ಲಿ ಪನೀರ್, ಮೊಸರು ದುಪ್ಪಟ್ಟಾಗುವುದಿದ್ದರೆ ಆ ತಿಂಗಳ ಅಂಕಿಯನ್ನೇ ವಿನ್ಯಾಸಕ್ಕೆ ಕೊಡಿ. ಚಾಲೂ ಮಾಡುವುದನ್ನು ಸೀಸನ್ನಿಗೆ ಎರಡು ತಿಂಗಳು ಮೊದಲೇ ಇಟ್ಟುಕೊಂಡು, ಹತ್ತಿರದಲ್ಲಿ ಚೆನ್ನಾಗಿ ಓಡುತ್ತಿರುವ ಪ್ಲಾಂಟಿನಿಂದ ಒಂದು ಟ್ಯಾಂಕರ್ ಕೆಸರು ತಂದು ಹೆಪ್ಪು ಹಾಕಿ, ಕಾಲು ಭಾಗ ನೀರಿನಿಂದ ಶುರುಮಾಡಿ.